ಅರವತ್ತನಾಲ್ಕರಲ್ಲಿ ಅರವತ್ತು

"ಅಲ್ಲಿ ಯಾರೂ ಇರಲಿಲ್ಲ," ಎಂದಳು ಅಕ್ಕ. ಇದು ಮೂರನೆಯ ಸಲ.

ತರಬೇತಿ ಅಧಿಕಾರಿ ಉತ್ತರ ಕೊಡುವ ಬದಲು ಪರದೆಯ ಮೇಲಿನ ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ಬಿಟ್ಟ. ಬಂದರಿನ ಒದ್ದೆ ಅಂಗಳ, ಸಾಲು ಸಾಲು ಕಂಟೇನರುಗಳು. ಅವುಗಳನ್ನು ಕಚ್ಚಿ ಎತ್ತುವ ಉಕ್ಕಿನ ಚೌಕಟ್ಟು ಕ್ರೇನಿನ ಹಗ್ಗಗಳಿಂದ ತೂಗುತ್ತ ನಿಧಾನವಾಗಿ ಇಳಿಯುತ್ತಿತ್ತು. ಅದರ ಕೆಳಗೆ, ಬಿಳಿ ಗೆರೆಯ ಮೇಲೆ, ಹಳದಿ ಹೆಲ್ಮೆಟ್ಟಿನ ಒಬ್ಬ ಆಳು ಈ ಕಡೆ ಬೆನ್ನು ಹಾಕಿ ನಿಂತಿದ್ದ. ಚೌಕಟ್ಟು ನಿಲ್ಲಲಿಲ್ಲ. ಪರದೆ ಕೆಂಪಾಯಿತು.

"ನಿಂತಿದಾನಲ್ಲ ಮೇಡಂ. ನೀವೇ ನೋಡಿದ್ರಿ."

"ಇದು ಪಕ್ಕದಿಂದ ಕಾಣೋ ಚಿತ್ರ. ನಾನು ಮೇಲೆ ಕೂತಿದ್ದೆ. ಮೇಲಿಂದ ಹೇಗೆ ಕಾಣ್ತಿತ್ತು ಅದನ್ನ ತೋರ್ಸಿ."

"ಆ ಅನುಕೂಲ ಇದರಲ್ಲಿಲ್ಲ. ಎಲ್ಲಿಂದ ನೋಡಿದ್ರೂ ಮನುಷ್ಯ ಮನುಷ್ಯನೇ ಅಲ್ವಾ?"

ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿದ್ದ ಮೂವರು ನಕ್ಕರು. "ಹದ್ದಿಗೂ ಮಂಜು ಕವಿಯೋಕೆ ಶುರುವಾಯ್ತು," ಎಂದ ಒಬ್ಬ, ಕೇಳಿಸಲಿ ಎಂದೇ.

ಬಂದರಿನಲ್ಲಿ ಅಕ್ಕನಿಗೆ ಹದ್ದು ಎಂದೇ ಹೆಸರು. ಇಪ್ಪತ್ತೆರಡು ವರ್ಷ ಅವಳು ನಲವತ್ತು ಮೀಟರ್ ಎತ್ತರದ ಕ್ಯಾಬಿನ್ನಿನಲ್ಲಿ, ಗಾಜಿನ ನೆಲದ ಮೇಲೆ ಪಾದ ಅಗಲಿಸಿ ಕೂತು, ಕಾಲುಗಳ ನಡುವಿನಿಂದ ಕೆಳಗೆ ನೋಡುತ್ತ ಹಡಗುಗಳನ್ನು ಬರಿದು ಮಾಡಿದ್ದಳು. ಕೆಳಗಿದ್ದವನೊಬ್ಬನ ಬೂಟಿನ ದಾರ ಬಿಚ್ಚಿದ್ದನ್ನು ಮೇಲಿಂದಲೇ ಕಂಡು ಎಚ್ಚರಿಸಿದ್ದಳು ಎಂಬ ಕತೆ ಇತ್ತು. ಅದು ದಾರವಲ್ಲ, ಅವನ ಜೇಬಿನಿಂದ ಬಿದ್ದ ಕೈಗವಸು. ಕತೆಯನ್ನು ಬೆಳೆಸಿದವರು ಬೇರೆಯವರು, ಅವಳೇನೂ ತಿದ್ದಲು ಹೋಗಿರಲಿಲ್ಲ.

ಎರಡು ವರ್ಷದಿಂದ ಒಂದು ಹೊಸ ನಿಯಮ ಇತ್ತು. ಎರಡು ವರ್ಷಕ್ಕೊಮ್ಮೆ ಎಲ್ಲ ಕ್ರೇನ್ ಚಾಲಕರೂ ಈ ಕೋಣೆಯ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಕೊಡಬೇಕು. ನಿಜವಾದ ಕುರ್ಚಿ, ನಿಜವಾದ ಹಿಡಿಕೆಗಳು, ಸುತ್ತಲೂ ಕಾಲ ಕೆಳಗೂ ಪರದೆ. ಪರದೆಯೊಳಗೆ ಕಂಪ್ಯೂಟರ್ ಬರೆದ ಬಂದರು. ಚಾಲಕರು ಅದನ್ನು ಸುಳ್ಳು ಕ್ರೇನು ಎನ್ನುತ್ತಿದ್ದರು.

ಅಧಿಕಾರಿ ಒಂದು ಕಾಗದವನ್ನು ಮುಂದಕ್ಕೆ ತಳ್ಳಿದ. ಗಮನ ಸಾಲದು, ಆರು ತಿಂಗಳು ಕ್ರೇನ್ ಹತ್ತುವಂತಿಲ್ಲ, ಅಲ್ಲಿಯವರೆಗೆ ಗೇಟಿನ ಪಾಸ್ ವಿಭಾಗ. ಅಕ್ಕ ಎರಡು ಸಲ ಓದಿದಳು. ಪೆನ್ನನ್ನು ಎಷ್ಟು ಒತ್ತಿ ಹಿಡಿದಳೆಂದರೆ ಅವಳ ಸಹಿ ಕೆಳಗಿನ ಎರಡು ಹಾಳೆಗಳ ಮೇಲೂ ಮೂಡಿತು.

ಮನೆಯಲ್ಲಿ ಇದ್ದವರು ಅಕ್ಕ ತಂಗಿ ಇಬ್ಬರೇ. ತಂಗಿ ಹನ್ನೊಂದು ವರ್ಷ ಚಿಕ್ಕವಳು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದಕ್ಕೆಂದೇ ಇರುವ ಚಿಪ್‌ಗಳನ್ನು ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು. ಅಕ್ಕ ಬಾಗಿಲು ತೆಗೆದು ಚಪ್ಪಲಿ ಬಿಟ್ಟ ಸದ್ದಿಗೇ ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು. ಎಲ್ಲವನ್ನೂ ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟು:

"ಒಂದ್ಸಲ ಕಣ್ಣು ತೋರಿಸ್ಕೊಂಡು ಬಂದುಬಿಡೋಣ ಅಕ್ಕ."

ಅಕ್ಕ ಕುಡಿಯುತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು. "ನೀನೂ ಅದನ್ನೇ ಅಂತೀಯ."

"ನಾನೇನೂ ಅಂತಿಲ್ಲ. ಐವತ್ತು ಹತ್ರ ಬಂತಲ್ಲ, ನೋಡಿಸೋದ್ರಲ್ಲಿ ತಪ್ಪೇನು?"

"ಯಂತ್ರ ತಪ್ಪು ತೋರಿಸ್ತು ಅಂತಿದೀನಿ ನಾನು."

"ಯಂತ್ರಕ್ಕೆ ನಿನ್ನ ಮೇಲೇನು ಹಗೆ? ಅದು ಲೆಕ್ಕ ಹಾಕುತ್ತೆ, ಬರೆಯುತ್ತೆ. ಅಷ್ಟು ದೊಡ್ಡ ಮನುಷ್ಯನನ್ನ ಬಿಟ್ಟುಬಿಡೋಕೆ ಆಗಲ್ಲ. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನಂಗೊತ್ತಿಲ್ವಾ?"

"ನಿಂಗೆಲ್ಲ ಗೊತ್ತು," ಎಂದು ಅಕ್ಕ ಎದ್ದು ಹೋದಳು. ಆ ದಿನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು.

ಕಣ್ಣಿನ ಡಾಕ್ಟರು ಅಕ್ಕನ ಕಣ್ಣಲ್ಲಿ ಏನೂ ದೋಷವಿಲ್ಲ ಎಂದು ಬರೆದುಕೊಟ್ಟರು. ಜೊತೆಗೆ ಹೋಗಿದ್ದ ತಂಗಿಗೇ ಕನ್ನಡಕದ ನಂಬರು ಹೆಚ್ಚಾಗಿತ್ತು. ಅಕ್ಕ ಆ ಚೀಟಿಯನ್ನು ತರಬೇತಿ ಅಧಿಕಾರಿಯ ಮೇಜಿನ ಮೇಲಿಟ್ಟಳು. "ಕಣ್ಣು ಸರಿಯಿದ್ರೆ ಇನ್ನೂ ಯೋಚನೆ ಮಾಡ್ಬೇಕಾದ್ದು ಮೇಡಂ," ಎಂದ ಅವನು. "ಅಂದ್ರೆ ಮನಸ್ಸು ಎಲ್ಲೋ ಇತ್ತು ಅಂತಾಯ್ತು."

ಹತ್ತು ದಿನ ಅವಳು ಗೇಟಿನ ಕಿಟಕಿಯ ಹಿಂದೆ ಕೂತು ಲಾರಿಯವರ ಪಾಸುಗಳಿಗೆ ಮುದ್ರೆ ಒತ್ತಿದಳು. ಲಾರಿಯವರು ಕಿಟಕಿಗೆ ಬಗ್ಗಿ, "ಏನಕ್ಕ, ಇಳಿದುಬಿಟ್ರಾ?" ಎನ್ನುತ್ತಿದ್ದರು. ಒಬ್ಬ ತಮಾಷೆಗೆ ಪಾಸನ್ನು ತಲೆಕೆಳಗಾಗಿ ಕೊಟ್ಟು ಕಾಣಿಸುತ್ತಾ ಎಂದು ಕೇಳಿದ. ಅವಳು ಆ ಪಾಸನ್ನು ಎರಡು ತುಂಡು ಮಾಡಿ ಅವನ ಕೈಗೇ ಕೊಟ್ಟಳು. ಅದಕ್ಕೂ ಒಂದು ಎಚ್ಚರಿಕೆ ಪತ್ರ ಬಂತು.

ಹನ್ನೊಂದನೆಯ ದಿನ ರಜೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ತಂಗಿ ಎದುರಿಗೆ ಕೂತು ಏನೋ ಓದುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅಕ್ಕ ಕೇಳಿದಳು.

"ಆ ಚೌಕಟ್ಟಿಗೆ ಎರಡು ತೊಲೆ ಇರುತ್ತೆ. ನಡುವೆ ಒಂದು ಸಂದಿ. ಮೇಲೆ ಕೂತವರಿಗೆ ಕೆಳಗಿನ ಜೀವ ಕಾಣೋದೇ ಆ ಸಂದಿಯಲ್ಲಿ. ನಾನು ಇಡೀ ಹೊತ್ತು ಅದನ್ನೇ ನೋಡ್ತಿದ್ದೆ. ಒದ್ದೆ ನೆಲ ಕಾಣ್ತಿತ್ತು. ಬಿಳಿ ಗೆರೆನೂ ಕಾಣ್ತಿತ್ತು. ಗೆರೆ ಕಂಡವಳಿಗೆ ಗೆರೆ ಮೇಲೆ ನಿಂತವನು ಕಾಣಲ್ವೇನೇ?"

ತಂಗಿ ತಲೆಯೆತ್ತಿದಳು. "ಗೆರೆ ಕಾಣ್ತಿತ್ತಾ?"

"ಅದನ್ನೇ ತಾನೆ ಎಲ್ಲರಿಗೂ ಬಡ್ಕೊಳ್ತಿರೋದು."

"ಸಂದಿ ಎಷ್ಟಗಲ ಇತ್ತು? ಪರದೆ ಮೇಲೆ?"

ಅಕ್ಕ ಕಿರುಬೆರಳನ್ನು ಎತ್ತಿ, ಅದರ ಉಗುರಿನ ಅಂಚನ್ನು ತೋರಿಸಿದಳು.

ತಂಗಿ ಆ ಬೆರಳನ್ನೇ ನೋಡಿದಳು. ಅವಳು ಪುಸ್ತಕ ಮುಚ್ಚಿ, "ನಾಳೆ ನನ್ನನ್ನ ಆ ಕೋಣೆಗೆ ಕರ್ಕೊಂಡು ಹೋಗು," ಎಂದಳು.

ಮರುದಿನ ತರಬೇತಿ ಅಧಿಕಾರಿ ಅವಳ ಕಂಪನಿಯ ಹೆಸರು ಕೇಳಿ ಹಿಗ್ಗಿದ. ಇದರೊಳಗಿರೋದು ನಿಮ್ಮದೇ ಚಿಪ್ ಎಂದು ತಾನಾಗಿಯೇ ಹಿಂದಿನ ಮುಚ್ಚಳ ತೆಗೆದು ತೋರಿಸಿದ. ತಂಗಿಗೆ ಚಿಪ್ ಮೇಲೆ ಅಚ್ಚಾದ ಅಂಕಿಗಳನ್ನು ಓದುವ ಅಗತ್ಯವಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತಳು. ಅಕ್ಕ ಹಿಂದೆ ನಿಂತು, ಅಡುಗೆ ಕಲಿಸುವವಳ ಹಾಗೆ, ಸಣ್ಣ ದನಿಯಲ್ಲಿ ಹೇಳುತ್ತ ಹೋದಳು. "ಎಡಗೈ ಸ್ವಲ್ಪ ಹಿಂದೆ. ಇನ್ನೂ. ಈಗ ಇಳ್ಸು. ನಿಲ್ಸು."

ಕಾಲ ಕೆಳಗಿನ ಪರದೆಯಲ್ಲಿ ಚೌಕಟ್ಟು ತೂಗಾಡಿ ನಿಂತಿತು. ತೊಲೆಗಳ ನಡುವೆ ಹಳದಿಯ ಒಂದು ಗೀರು ಕಂಡಿತು, ಆಳಿನ ಹೆಲ್ಮೆಟ್ಟು. ತಂಗಿ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿದಳು. ಸಂದಿ ಕಿರಿದಾಯಿತು, ಹಳದಿ ಹೋಯಿತು. ಸಂದಿ ಮುಚ್ಚಿರಲಿಲ್ಲ. ಅದರಲ್ಲಿ ಒದ್ದೆ ನೆಲವಿತ್ತು, ನೆಲದ ಮೇಲೆ ಬಿಳಿ ಗೆರೆಯಿತ್ತು, ಮನುಷ್ಯ ಮಾತ್ರ ಇರಲಿಲ್ಲ. ಹಿಂದಕ್ಕೆ ಸರಿಸಿದಳು, ಬಂದ. ಮುಂದಕ್ಕೆ ಸರಿಸಿದಳು, ಹೋದ.

"ಕಂಡ್ತಾ?" ಎಂದಳು ಅಕ್ಕ.

"ಹೂಂ."

"ಯಾರ ಕೆಲಸ ಇದು?"

ತಂಗಿ ಹಿಡಿಕೆಗಳಿಂದ ಕೈ ತೆಗೆದಳು. "ನಂದೇ ಅಕ್ಕ."

ಆ ಚಿಪ್ ಒಂದು ಸೆಕೆಂಡಿಗೆ ಅರವತ್ತು ಸಲ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕು. ಇಲ್ಲದಿದ್ದರೆ ನೋಡುವವರಿಗೆ ಚಿತ್ರ ತಡವರಿಸಿದ ಹಾಗೆ ಕಾಣುತ್ತದೆ. ಎಲ್ಲವನ್ನೂ ಬರೆಯುತ್ತ ಕೂತರೆ ಹೊತ್ತು ಸಾಲದು. ಅದಕ್ಕಾಗಿ ಚಿಪ್ ಪರದೆಯನ್ನು ಸಣ್ಣ ಚೌಕಗಳಾಗಿ ಹಂಚಿಕೊಳ್ಳುತ್ತದೆ, ಒಂದೊಂದು ಚೌಕದಲ್ಲಿ ಅರವತ್ತನಾಲ್ಕು ಚುಕ್ಕೆ. ಮುಂದಿರುವ ವಸ್ತು ಒಂದು ಚೌಕವನ್ನು ಪೂರ್ತಿ ಮುಚ್ಚಿದೆ ಎಂದಾದರೆ, ಅದರ ಹಿಂದೆ ಬರುವ ಯಾವುದನ್ನೂ ಆ ಚೌಕದಲ್ಲಿ ಬರೆಯಬೇಕಿಲ್ಲ, ಬಾಗಿಲಿನಿಂದಲೇ ವಾಪಸು ಕಳಿಸಬಹುದು. ಆ ಬಾಗಿಲು ಕಾಯುವ ಭಾಗವೇ ತಂಗಿಯ ವಿನ್ಯಾಸ. ಸುಂದರವಾದ ಕೆಲಸ ಎಂದು ಅದಕ್ಕೆ ಬಹುಮಾನವೂ ಬಂದಿತ್ತು.

ಪೂರ್ತಿ ಎಂದರೆ ಅರವತ್ತನಾಲ್ಕಕ್ಕೆ ಅರವತ್ತನಾಲ್ಕೂ. ಮೂರು ವರ್ಷದ ಹಿಂದೆ ಎದುರಾಳಿ ಕಂಪನಿಯ ಚಿಪ್ ತಮ್ಮದಕ್ಕಿಂತ ಚುರುಕು ಎಂದು ಗೊತ್ತಾದ ವಾರ ತಂಗಿಯ ವಿಭಾಗದ ಮುಖ್ಯಸ್ಥ ಎಲ್ಲರನ್ನೂ ಕೂಡಿಸಿ, ಎಲ್ಲಿಂದಾದರೂ ಸರಿ, ವೇಗ ಬೇಕು ಎಂದ. "ಅರವತ್ತು ತುಂಬಿದ್ರೆ ಪೂರ್ತಿ ತುಂಬಿದ ಹಾಗೇ ಅಂದ್ಕೊಂಡ್ರೆ ಹೇಗೆ?" ಎಂದವಳು ತಂಗಿ. ಉಳಿದ ನಾಲ್ಕು ಚುಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟಗಳಿಗೆ ಮಾತ್ರ, ಬೇಕಾದವರು ಹಾಕಿಕೊಳ್ಳುವ ಒಂದು ಸ್ವಿಚ್ಚಿನ ಹಾಗೆ ಇಡೋಣ ಎಂದೂ ಹೇಳಿದ್ದಳು. ಚಿಪ್ ಮಾರುಕಟ್ಟೆಗೆ ಹೋಗುವಾಗ ಸ್ವಿಚ್ಚು ಎಲ್ಲರಿಗೂ ಹಾಕಿಯೇ ಇತ್ತು. ಅದು ಅವಳಿಗೆ ಗೊತ್ತಿತ್ತು. ಕೊನೆಯ ಒಪ್ಪಿಗೆಯ ಪುಟದಲ್ಲಿ ಅವಳ ಸಹಿಯೂ ಇತ್ತು.

ಸುಳ್ಳು ಕ್ರೇನು ನೆಲವನ್ನು ಮೊದಲು ಬರೆಯುತ್ತಿತ್ತು, ಆಮೇಲೆ ಚೌಕಟ್ಟು, ಎಲ್ಲಕ್ಕಿಂತ ಕೊನೆಗೆ ಓಡಾಡುವ ಜನ. ಸಂದಿ ನಾಲ್ಕು ಚುಕ್ಕೆಗಳಿಗೆ ಇಳಿದಾಗ ನೆಲ ಆಗಲೇ ಒಳಗಿರುತ್ತಿತ್ತು, ಮನುಷ್ಯನನ್ನು ಬಾಗಿಲು ವಾಪಸು ಕಳಿಸುತ್ತಿತ್ತು.

ಇದನ್ನೆಲ್ಲ ಅವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅಕ್ಕನಿಗೆ ಹೇಳಿದಳು. ಎರಡು ಬಸ್ಸು ಬಂದು ಹೋದವು.

"ತಪ್ಪು ಎಲ್ಲರೂ ಮಾಡ್ತಾರೆ," ಎಂದಳು ಅಕ್ಕ ಕೊನೆಗೆ. "ಅದಲ್ಲ ನಂಗೆ ಉರೀತಿರೋದು. ಆವತ್ತು ಮನೆಗೆ ಬಂದು, ಯಾರೂ ಇರಲಿಲ್ಲ ಕಣೇ ಅಂದೆ. ನೀನು ಒಂದು ನಿಮಿಷ, ಒಂದೇ ನಿಮಿಷ, ಇರಬಹುದೇನೋ ಅಂದ್ಕೊಳ್ಳಲಿಲ್ಲ. ನಿನ್ನ ಯಂತ್ರನ ನಂಬಿದೆ. ನನ್ನನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ."

ತಂಗಿ ಏನೋ ಹೇಳಹೋದಳು. "ಬಾಯಿ ಮುಚ್ಚು," ಎಂದಳು ಅಕ್ಕ. "ಈಗ ಹೋಗಿ ಏನು ಮಾಡ್ಬೇಕೋ ಅದನ್ನ ಮಾಡು. ನನ್ನ ಹತ್ರ ಅಳಬೇಡ." ಮೂರನೆಯ ಬಸ್ಸಿಗೆ ಒಬ್ಬಳೇ ಹತ್ತಿದಳು.

ಮುಖ್ಯಸ್ಥನ ಕೋಣೆಗೆ ನಾಲ್ಕೂ ಕಡೆ ಗಾಜು. ಆ ದಿನ ಮಧ್ಯಾಹ್ನ ತಂಗಿ ಒಳಗೆ ಹೋದಾಗ ಪರೀಕ್ಷಾ ವಿಭಾಗದ ಹಿರಿಯನೂ ಅಲ್ಲೇ ಇದ್ದ. ಯಾವುದೇ ಹೊಸ ವಿನ್ಯಾಸಕ್ಕೆ ಅಡ್ಡ ಮಾತು ಹಾಕುವ ಅವನನ್ನು ಆಫೀಸಿನವರೆಲ್ಲ ಕೊಕ್ಕೆ ಎನ್ನುತ್ತಿದ್ದರು. ತಂಗಿ ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದಳು.

ಮುಖ್ಯಸ್ಥ ಶಾಂತವಾಗಿ ಕೇಳಿದ. ಅವನು ಯಾವತ್ತೂ ದನಿ ಏರಿಸುವವನಲ್ಲ. "ಒಳ್ಳೇದಾಯ್ತು ಹೇಳಿದ್ದು. ಮುಂದಿನ ತಿಂಗಳ ಸಾಫ್ಟ್‌ವೇರ್ ಬಿಡುಗಡೆಯಲ್ಲಿ ಆ ಸ್ವಿಚ್ ತೆಗೆದುಬಿಡೋಣ. ಹತ್ತರ ಜೊತೆ ಹನ್ನೊಂದು, ಯಾರಿಗೂ ಗೊತ್ತಾಗಲ್ಲ."

"ಬಂದರಿನವರಿಗೆ ಪತ್ರ?"

"ಪತ್ರ ಯಾಕೆ? ಯಾರಿಗೂ ಪೆಟ್ಟಾಗಿಲ್ಲ. ಸತ್ತವನು ಬೊಂಬೆ."

"ನಮ್ಮಕ್ಕ ಬೊಂಬೆ ಅಲ್ಲ ಸಾರ್. ಗೇಟಿನಲ್ಲಿ ಕೂತು ಮುದ್ರೆ ಒತ್ತುತ್ತಿದಾಳೆ. ಅವಳಂಥವರು ಇನ್ನೆಷ್ಟು ಜನ ಇದಾರೋ."

"ಆರು ತಿಂಗಳಲ್ಲಿ ಮತ್ತೆ ಪರೀಕ್ಷೆ ಇರುತ್ತಲ್ಲ. ಅಷ್ಟೊತ್ತಿಗೆ ನಾವು ಸರಿ ಮಾಡಿರ್ತೀವಿ. ಪಾಸಾಗ್ತಾರೆ, ಖುಷಿಯಾಗಿರ್ತಾರೆ."

"ತಿಪ್ಪೆ ಸಾರಿಸೋದು ಅಂತಾರೆ ಇದಕ್ಕೆ."

ಮುಖ್ಯಸ್ಥ ಮುಗುಳ್ನಕ್ಕ. "ತಿಪ್ಪೆ ಹಾಕಿದವರು ಯಾರು ಅಂತಾನೂ ಯೋಚನೆ ಮಾಡಿ. ಅರವತ್ತು ಅಂದಿದ್ದು ನಾನಲ್ಲ."

ಅವನ ಮೇಜಿನ ಮೇಲೆ, ಗಾಜಿನೊಳಗೆ ಹುದುಗಿಸಿಟ್ಟ ಅದೇ ಚಿಪ್ ಇತ್ತು. ಅದನ್ನು ಎತ್ತಿ ಗೋಡೆಗೆ ಬೀಸಬೇಕು ಎಂದು ತಂಗಿಯ ಕೈ ತುರಿಸಿತು. ಅಷ್ಟರಲ್ಲಿ ಕೊಕ್ಕೆ ಎದ್ದು ಹೊರಗೆ ಹೋಗಿ, ಒಂದು ಹಾಳೆ ಹಿಡಿದುಕೊಂಡು ಬಂದ. ಮೂರು ವರ್ಷದ ಹಿಂದಿನ ಇಮೇಲು, ಆಗಲೇ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದು. ಸಣ್ಣ ಸಂದಿಗಳ ಹಿಂದಿನ ವಸ್ತುಗಳು ಮಾಯವಾಗುತ್ತಿವೆ, ತರಬೇತಿ ಮತ್ತು ಆಸ್ಪತ್ರೆಯ ಯಂತ್ರಗಳಲ್ಲಿ ಇದು ಅಪಾಯ ಎಂದು ಬರೆದಿದ್ದ.

"ಇದನ್ನ ಇವರಿಗೂ ಕಳಿಸಿದ್ದೆ," ಎಂದು ಮುಖ್ಯಸ್ಥನ ಕಡೆ ಗದ್ದ ತೋರಿಸಿದ. ಆಮೇಲೆ ತಂಗಿಯ ಕಡೆ ತಿರುಗಿ, "ನಿಮಗೂ ಕಳಿಸಿದ್ದೆ. ಇವರು ಉತ್ತರ ಕೊಡಲಿಲ್ಲ. ನೀವು ಕೊಟ್ರಿ. ಕೆಳಗೆ ಇದೆ ನೋಡಿ."

ಕೆಳಗೆ ಒಂದೇ ಸಾಲು ಇತ್ತು: ಆಮೇಲೆ ನೋಡೋಣ.

"ಮೂರು ವರ್ಷ ನೀವೆಲ್ಲ ನನ್ನನ್ನ ಕೊಕ್ಕೆ ಅಂತ ಕರ್ಕೊಂಡು ನಕ್ಕಿದೀರಿ," ಎಂದ ಅವನು. "ನಂಗೆ ಕಿವಿ ಕೇಳುತ್ತೆ."

ತಂಗಿ ಆ ಹಾಳೆಯನ್ನು ಕೇಳಿ ತೆಗೆದುಕೊಂಡಳು. ಅವನು ಕೊಟ್ಟ. ಮುಖ್ಯಸ್ಥ ಮಾತ್ರ, ಆಫೀಸಿನ ಕಾಗದ ಹೊರಗೆ ಹೋಗುವ ಹಾಗಿಲ್ಲ, ಹೋದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು ಎಂದ. ಗೊತ್ತು ಎಂದು ಅವಳು ಬಾಗಿಲು ತೆರೆದಿಟ್ಟೇ ಬಂದಳು.

ಬಂದರಿನವರಿಗೆ ಬರೆದ ಪತ್ರ ಒಂದು ಪುಟ ಆಯಿತು. ಕಸುಬಿನ ಮಾತು ಯಾವುದೂ ಬರದ ಹಾಗೆ ನಾಲ್ಕು ಸಲ ತಿದ್ದಿ ಬರೆದು, ಊಟದ ಮೇಜಿನ ಮೇಲೆ ಅಕ್ಕನ ಮುಂದಿಟ್ಟಳು. ಬಸ್ ನಿಲ್ದಾಣದ ನಂತರ ಇಬ್ಬರ ನಡುವೆ ಗ್ಯಾಸು, ಹಾಲು, ಬೀಗದಕೈ, ಇಷ್ಟೇ ಮಾತು. ಅಕ್ಕ ಕೈ ಒರೆಸಿಕೊಂಡು, ಬೆರಳಿಟ್ಟು ಓದಿದಳು. "ಚಿಪ್‌ನ ಒಂದು ಸಣ್ಣ ದೋಷದಿಂದಾಗಿ" ಎಂಬಲ್ಲಿ ಬೆರಳು ನಿಂತಿತು. ಪೆನ್ನು ತೆಗೆದುಕೊಂಡು ಸಣ್ಣ ಎಂಬುದನ್ನು ಹೊಡೆದು ಹಾಕಿದಳು.

"ಯಾರ ದೋಷ ಅಂತ ಬರೆದಿಲ್ವಲ್ಲ."

ತಂಗಿ ಹಾಳೆ ಎಳೆದುಕೊಂಡು ತನ್ನ ಹೆಸರು ಬರೆದಳು. ಅದರ ಕೆಳಗೆ, ಮೂರು ವರ್ಷದ ಹಿಂದೆಯೇ ಎಚ್ಚರಿಸಲಾಗಿತ್ತು, ನಾನು ಲಕ್ಷ್ಯ ಕೊಡಲಿಲ್ಲ ಎಂದೂ ಬರೆದಳು. ಅದನ್ನೂ ಓದಿ ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು.

ತರಬೇತಿ ಅಧಿಕಾರಿ ಪತ್ರ ಓದಿ ಮೊದಲು ನಂಬಲಿಲ್ಲ. ಇಮೇಲಿನ ಹಾಳೆ ನೋಡಿದ ಮೇಲೂ, ಇದೆಲ್ಲ ದೊಡ್ಡ ಕಂಪನಿಗಳ ಒಳಜಗಳ ಇರಬಹುದು ಎಂದ. ತಂಗಿ ಅವನನ್ನೇ ಕುರ್ಚಿಯಲ್ಲಿ ಕೂರಿಸಿದಳು. ಅಕ್ಕ ಹೇಳಿಕೊಟ್ಟಳು. ಹಳದಿ ಗೀರು ಹೋಯಿತು, ಬಂತು, ಹೋಯಿತು. ಐದನೆಯ ಸಲಕ್ಕೆ ಅವನು ಹಿಡಿಕೆ ಬಿಟ್ಟು, ಕುರ್ಚಿಯ ತೋಳಿಗೆ ಕೈ ಒರೆಸಿಕೊಂಡ. "ಎರಡು ವರ್ಷದಲ್ಲಿ ಏಳು ಜನಕ್ಕೆ ಗಮನ ಸಾಲದು ಅಂತ ಬರೆದಿದೀನಿ ನಾನು," ಎಂದ. ಯಾರೂ ಕೇಳಿರಲಿಲ್ಲ.

"ಏಳೂ ಜನಾನ ಕರೆಸಿ," ಎಂದಳು ಅಕ್ಕ.

"ನಿಮ್ಮದನ್ನ ಈಗಲೇ ತಿದ್ದಿಕೊಡ್ತೀನಿ ಮೇಡಂ. ಉಳಿದವರದ್ದು ಮೇಲಿನವರನ್ನ ಕೇಳಿ..."

"ನಂದೊಂದೇ ತಿದ್ದಿದ್ರೆ ಹರಿದು ಹಾಕ್ತೀನಿ. ಪಾಸ್ ಹರಿದಿದ್ದು ಗೊತ್ತಲ್ಲ ನಿಮಗೆ." ಅವಳು ಮೇಜಿನ ಮೇಲೆ ಎರಡೂ ಅಂಗೈ ಊರಿದಳು. "ಆವತ್ತು ನಾನು ನಿಮ್ಮನ್ನ ಕೇಳಿದ್ದು ಒಂದೇ. ಮೇಲಿಂದ ತೋರ್ಸಿ ಅಂದೆ. ಆಗಲ್ಲ ಅಂದ್ರಿ. ಸರಿ, ಆಗಲ್ಲ. ಆದ್ರೆ ಇಪ್ಪತ್ತೆರಡು ವರ್ಷ ಮೇಲೆ ಕೂತವಳು ಹೇಳ್ತಿದಾಳೆ, ಏನಿರಬಹುದು ಅಂತ ಒಂದು ಗಳಿಗೆ ಅನ್ನಿಸಲಿಲ್ವಲ್ಲ ನಿಮಗೆ. ಮನಸ್ಸು ಎಲ್ಲೋ ಇತ್ತು ಅಂದ್ರಲ್ಲ. ನನ್ನ ಮನಸ್ಸು ಅಲ್ಲೇ ಇತ್ತು ಸಾರ್. ನಿಮ್ಮದು ಎಲ್ಲಿತ್ತು?"

ಅವನು ತಲೆ ತಗ್ಗಿಸಿ ಪಟ್ಟಿ ಹುಡುಕತೊಡಗಿದ.

"ಪರೀಕ್ಷೆ ಇದರಲ್ಲಿ ಬೇಡ," ಎಂದಳು ಅಕ್ಕ. "ನಿಜವಾದ ಕ್ರೇನಿನಲ್ಲಿ."

ಇದೆಲ್ಲ ಆಗುವುದಕ್ಕೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಕಂಪನಿ ತಂಗಿಗೆ ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಬರೆಯಿತು. ಕೊಕ್ಕೆ ಅವಳ ಮೇಜಿನ ಮೇಲಿದ್ದ ಹೂಕುಂಡ, ಲೋಟ, ಎರಡು ಪುಸ್ತಕವನ್ನು ಒಂದು ಚೀಲದಲ್ಲಿ ಹಾಕಿ ಮನೆಗೆ ತಂದುಕೊಟ್ಟ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಸುಳ್ಳು ಕ್ರೇನಿನ ಕೋಣೆಗೆ ಬೀಗ ಬಿತ್ತು. ಏಳು ಜನರಲ್ಲಿ ಅಕ್ಕನೂ ಸೇರಿ ಐವರು ಬಂದರು. ಆರನೆಯವನು ಬೇರೆ ಊರಿಗೆ ಹೋಗಿ ಲಾರಿ ಓಡಿಸುತ್ತಿದ್ದ, ನನಗಿನ್ನು ಆ ಎತ್ತರ ಬೇಡ ಎಂದು ಫೋನಿನಲ್ಲೇ ಹೇಳಿದ. ಏಳನೆಯವರು ಯಾರ ಕೈಗೂ ಸಿಗಲಿಲ್ಲ.

ಪರೀಕ್ಷೆಯ ದಿನ ಗಾಳಿಯಿತ್ತು. ತಂಗಿ ಬರಲೇ ಎಂದು ಕೇಳಿರಲಿಲ್ಲ, ಅಕ್ಕ ಬಾ ಎಂದಿರಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಸೀಟಿನಿಂದ ಇಳಿದರು. ಅಕ್ಕ ಕೊನೆಯವಳಾಗಿ ಹತ್ತಿದಳು. ನೂರಾರು ಮೆಟ್ಟಿಲು. ಮಧ್ಯದ ಅಟ್ಟಣೆಯಲ್ಲಿ ಒಂದು ಸಲ ನಿಂತು ಉಸಿರು ತೆಗೆದುಕೊಂಡದ್ದು ಕೆಳಗಿನಿಂದ ಕಂಡಿತು. ಕ್ಯಾಬಿನ್ನಿನ ಬಾಗಿಲು ಮುಚ್ಚಿತು. ಗಾಳಿಗೆ ಓಲಾಡುತ್ತಿದ್ದ ಚೌಕಟ್ಟನ್ನು ಅವಳು ಒಂದೇ ಎಳೆತಕ್ಕೆ ನಿಶ್ಚಲ ಮಾಡಿ, ಹಡಗಿನ ಹೊಟ್ಟೆಯಿಂದ ಮೊದಲ ಕಂಟೇನರನ್ನು ಎತ್ತಿದಳು. ಹನ್ನೆರಡನ್ನು ಎತ್ತಬೇಕಿತ್ತು. ಎತ್ತಿದಳು. ಅಧಿಕಾರಿ ತಪ್ಪು ಬರೆಯಲೆಂದು ತಂದಿದ್ದ ಹಾಳೆಯನ್ನು ಗಾಳಿಗೆ ಹಾರದಂತೆ ಎದೆಗೆ ಒತ್ತಿ ಹಿಡಿದಿದ್ದ. ಅದರ ಮೇಲೆ ಒಂದು ಗೀಟೂ ಬೀಳಲಿಲ್ಲ.

ಇಳಿದು ಬಂದಾಗ ಅವಳ ಮುಖ ಬಿಗಿದೇ ಇತ್ತು. ಅಧಿಕಾರಿ ಅಭಿನಂದನೆ ಎಂದು ಕೈ ಚಾಚಿದ. "ಕೈ ಕೊಳೆಯಾಗಿದೆ," ಎಂದು ಅವಳು ಅವನನ್ನು ದಾಟಿ ನಡೆದಳು.

ಗೋದಾಮಿನ ಗೋಡೆಗೆ ಒಂದು ಒತ್ತುನಲ್ಲಿ ಇತ್ತು, ಒತ್ತಿ ಹಿಡಿದರೆ ಮಾತ್ರ ನೀರು, ಬಿಟ್ಟರೆ ನಿಲ್ಲುತ್ತದೆ. ಮೆಟ್ಟಿಲ ಕಂಬಿಗಳ ಗ್ರೀಸು ಅಕ್ಕನ ಮೊಣಕೈವರೆಗೂ ಮೆತ್ತಿತ್ತು. ಒಂದು ಕೈಯಲ್ಲಿ ನಲ್ಲಿ ಒತ್ತಿ ಇನ್ನೊಂದನ್ನು ತೊಳೆಯಲು ನೋಡಿದಳು. ಆಗಲಿಲ್ಲ. ಹಿಂದೆ ಬಂದಿದ್ದ ತಂಗಿ ಪಕ್ಕಕ್ಕೆ ಬಂದು ಹೆಬ್ಬೆರಳಿಂದ ನಲ್ಲಿಯನ್ನು ಒತ್ತಿ ಹಿಡಿದಳು. ಅಕ್ಕ ಅವಳ ಮುಖ ನೋಡಲಿಲ್ಲ. ಕಲ್ಲಿನ ಮೇಲಿದ್ದ ಸೋಪು ತೆಗೆದುಕೊಂಡು ಎರಡೂ ಕೈಗೆ ಹಚ್ಚಿ, ಬೆರಳ ಸಂದು, ಮಣಿಕಟ್ಟು, ಮೊಣಕೈ ಎಂದು ನಿಧಾನವಾಗಿ ಉಜ್ಜತೊಡಗಿದಳು. ನೀರು ಮೊದಲು ಕಪ್ಪಗೆ ಹರಿಯಿತು, ಆಮೇಲೆ ಬೂದು. ಒತ್ತಿ ಒತ್ತಿ ತಂಗಿಯ ಹೆಬ್ಬೆರಳಿನ ತುದಿ ಬಿಳಿಚಿತ್ತು. ಅಕ್ಕ ಇನ್ನೊಮ್ಮೆ ಸೋಪು ತೆಗೆದುಕೊಂಡಳು.